ಚಿತ್ರದಡಿ ಇರಬೇಕಾದ ಮೂರು ಸಾಲು

ಶ್ರೀರಂಗಪಟ್ಟಣದ ಪತನದ ಮಾತು ಬಂದಾಗಲೆಲ್ಲ ನಮ್ಮ ಪುಸ್ತಕ, ಪತ್ರಿಕೆ, ಮೊಬೈಲ್ ಪರದೆಗಳಲ್ಲಿ ಎರಡು ಚಿತ್ರಗಳು ತಪ್ಪದೆ ಹಾಜರಾಗುತ್ತವೆ. ಒಂದು, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಬಳಿಗೆ ಒತ್ತೆಯಾಗಿ ಬಂದ ಟಿಪ್ಪುವಿನ ಪುಟ್ಟ ಮಕ್ಕಳದು. ಇನ್ನೊಂದು, ದೀಪದ ಬೆಳಕಿನಲ್ಲಿ ಸುಲ್ತಾನನ ಶವ ಪತ್ತೆಯಾದದ್ದು. ಟಿಪ್ಪುವನ್ನು ಕೊಂಡಾಡುವವರಿಗೂ ತೆಗಳುವವರಿಗೂ ಇವೇ ಬೇಕು. ಆದರೆ ಬರೆದವರು ಯಾರು, ಯಾವಾಗ ಬರೆದರು, ಯಾರ ದುಡ್ಡಿನಲ್ಲಿ ಬರೆದರು ಎಂಬ ವಿವರ ಚಿತ್ರದ ಕೆಳಗೆ ಕಾಣುವುದು ಅಪರೂಪ. ಹೀಗಾಗಿ ಅವು ಫೋಟೊಗಳಂತೆ ಚಲಾವಣೆಯಾಗುತ್ತಿವೆ. ಅಸಲಿಗೆ ಅವು ಬ್ರಿಟನ್ ತನ್ನ ಜನರಿಗೆ ತನ್ನನ್ನೇ ತೋರಿಸಿಕೊಂಡ ಚಿತ್ರಗಳು. ಅವುಗಳಲ್ಲಿ ಮೈಸೂರು ಬರೀ ರಂಗಸಜ್ಜು.

ಈ ಬಗೆಯ ಚಿತ್ರಗಳ ಬೇರು ಲಂಡನ್ನಿನಲ್ಲಿದೆ. ಅಲ್ಲಿ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆ ಶುರುವಾದದ್ದು 1768ರಲ್ಲಿ. ಅಲ್ಲಿನ ಲೆಕ್ಕದಲ್ಲಿ ಭಾವಚಿತ್ರ, ಭೂದೃಶ್ಯಗಳಿಗಿಂತ ಚರಿತ್ರೆಯ ಚಿತ್ರವೇ ಮೇಲಿನ ಪಂಕ್ತಿಯದು. ಚರಿತ್ರೆ ಎಂದರೆ ಗ್ರೀಸ್, ರೋಮ್, ಬೈಬಲ್ ಎಂದಿದ್ದ ಕಾಲ ಅದು. ಚಿತ್ರಕಾರ ಬೆಂಜಮಿನ್ ವೆಸ್ಟ್ 1770ರಲ್ಲಿ ಆ ಕಟ್ಟು ಮುರಿದ. 1759ರಲ್ಲಿ ಕ್ವಿಬೆಕ್ ಕಾಳಗದಲ್ಲಿ ಮಡಿದ ಬ್ರಿಟಿಷ್ ಜನರಲ್ ವುಲ್ಫ್‌ನನ್ನು ರೋಮನ್ ನಿಲುವಂಗಿಯ ಬದಲು ಕೆಂಪು ಕೋಟಿನಲ್ಲೇ ಬರೆದ. ಕೋಟು ನಿಜದ್ದು, ಉಳಿದದ್ದು ಕಲ್ಪನೆ. ಸಾಯುತ್ತಿರುವ ವುಲ್ಫ್‌ನನ್ನು ಸುತ್ತುವರಿದವರಲ್ಲಿ ಬಹುತೇಕರು ಆ ಹೊತ್ತಿನಲ್ಲಿ ಅಲ್ಲಿರಲೇ ಇಲ್ಲ. ಅವರ ನಡುವೆ ಒಬ್ಬ ಸ್ಕಾಟಿಷ್ ಯೋಧನೂ ಇದ್ದಾನೆ. 1746ರಲ್ಲಿ ಕಲ್ಲೋಡನ್ನಿನಲ್ಲಿ ಸ್ಕಾಟ್ಲೆಂಡಿನ ಬೆಟ್ಟನಾಡಿನ ಬಂಡಾಯಗಾರರನ್ನು ಬಡಿದ ಸೇನೆಯಲ್ಲಿ ಇದೇ ವುಲ್ಫ್ ಇದ್ದ! ಮನೆಯೊಳಗಿನ ಹಗೆಯನ್ನು ಹೊರಗಿನ ಯುದ್ಧದಲ್ಲಿ ಮರೆಸಿ, ಇಂಗ್ಲಿಷರನ್ನೂ ಸ್ಕಾಟರನ್ನೂ ‘ಬ್ರಿಟಿಷರು’ ಎಂದು ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿದ್ದು ಈ ಚಿತ್ರದ ಜಾಣತನ. ಬರೆದ ವೆಸ್ಟ್ ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ. ಲಂಡನ್ನಿಗೆ ಬಂದು ಇದೇ ಬಗೆಯ ಚಿತ್ರಗಳಿಂದ ಹೆಸರಾದ ಕಾಪ್ಲಿ ಬಾಸ್ಟನ್ನಿನವನು. ಬ್ರಿಟಿಷ್ ರಾಷ್ಟ್ರಾಭಿಮಾನಕ್ಕೆ ಬಣ್ಣ ಹಚ್ಚಿದ ಮುಖ್ಯರಲ್ಲಿ ಇಬ್ಬರು ಅಮೆರಿಕದ ಸಂತಾನ.

ಈ ಅಚ್ಚು ಬೆಂಗಳೂರಿಗೂ ಬಂತು. 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯ ಕೋಟೆಬಾಗಿಲನ್ನು ಮುರಿಯುವಾಗ ಕರ್ನಲ್ ಮೂರ್‌ಹೌಸ್ ಸತ್ತ. ಕಾರ್ನ್‌ವಾಲಿಸನ ದಂಡಿನ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಆ ಸಾವನ್ನು ಬರೆದ. ಜೀವ ಬಿಡುತ್ತಿರುವ ಅಧಿಕಾರಿ, ಅವನನ್ನು ಆತುಕೊಂಡ ಜೊತೆಗಾರರು, ಸುತ್ತ ನೆರೆದ ಗುಂಪು, ಎಲ್ಲದಕ್ಕೂ ಮಾದರಿ ವೆಸ್ಟ್‌ನ ವುಲ್ಫ್. ಸ್ಥಳ ಕ್ವಿಬೆಕ್ ಇರಲಿ, ಬೆಂಗಳೂರಿರಲಿ, ಬ್ರಿಟಿಷ್ ವೀರ ಸಾಯುವ ಭಂಗಿ ಒಂದೇ.

ಮರುವರ್ಷ ಯುದ್ಧ ಸೋತ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಮೂರು ಕೋಟಿ ರೂಪಾಯಿಗೂ ಮೀರಿದ ದಂಡಕ್ಕೆ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಹೋಮ್ ಅದನ್ನೂ ಬರೆದ. ಚಿತ್ರದ ಅಂಚಿನಲ್ಲಿ ಕಡತ ಹಿಡಿದ ತನ್ನನ್ನೂ ಸೇರಿಸಿಕೊಂಡ. ಭಾರತಕ್ಕೆ ಕಾಲಿಡದ ಮೇದರ್ ಬ್ರೌನ್ ಕೂಡ ಲಂಡನ್ನಿನಲ್ಲಿ ಕೂತು ಇದೇ ವಿಷಯಕ್ಕೆ ಕುಂಚ ಹಿಡಿದ. ಎಲ್ಲೆಡೆ ಕಾರ್ನ್‌ವಾಲಿಸ್ ಅಕ್ಕರೆಯ ತಂದೆಯಂತಿದ್ದಾನೆ. ಹನ್ನೊಂದೇ ವರ್ಷ ಹಿಂದೆ, 1781ರಲ್ಲಿ, ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನಿಗೆ ಶರಣಾದ ಸೇನಾಪತಿ ಈತನೇ. ಅಮೆರಿಕ ಕಳೆದುಕೊಂಡ ಮುಖಭಂಗವನ್ನು ತೊಳೆಯಲು ಮಕ್ಕಳ ಕೈಹಿಡಿದ ಈ ದಯಾಳು ಬೇಕಾಗಿದ್ದ. ಮಕ್ಕಳನ್ನು ಒತ್ತೆಗೆ ಕೇಳಿದವನೂ ಅವನೇ ಎಂಬುದನ್ನು ಬಣ್ಣ ಹೇಳುವುದಿಲ್ಲ.

ಶವದ ಚಿತ್ರ ಬರೆದವನು ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿ. ಹನ್ನೊಂದು ಅಡಿಗೂ ಎತ್ತರದ ಈ ಚಿತ್ರ ಮುಗಿದದ್ದು 1839ರಲ್ಲಿ, ಟಿಪ್ಪು ಸತ್ತ ನಲವತ್ತು ವರ್ಷದ ಮೇಲೆ. ವಿಲ್ಕಿ ಶ್ರೀರಂಗಪಟ್ಟಣವನ್ನು ಕಂಡವನಲ್ಲ. ಬರೆಸಿದವಳು ಶ್ರೀರಂಗಪಟ್ಟಣದ ಮೇಲಿನ ದಾಳಿಯನ್ನು ಮುನ್ನಡೆಸಿದ ಜನರಲ್ ಡೇವಿಡ್ ಬೇರ್ಡ್‌ನ ವಿಧವೆ. ಹಾಗಾಗಿ ಬೆಳಕೆಲ್ಲ ಎತ್ತರದಲ್ಲಿ ನಿಂತ ಬೇರ್ಡ್‌ನ ಕಡೆಗೆ, ಸುಲ್ತಾನ ಅವನ ಕಾಲಬುಡದಲ್ಲಿ. ಬೇರ್ಡ್‌ನ ಪಾದದ ಕೆಳಗೊಂದು ಕಬ್ಬಿಣದ ಜಾಲರಿ ಇದೆ. ಮೈಸೂರಿನವರು ಗೆದ್ದ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬೇರ್ಡ್ ಸುಮಾರು ನಾಲ್ಕು ವರ್ಷ ಕೊಳೆತ ಸೆರೆಮನೆಯ ಗುರುತು ಅದು. ಗಂಡನ ಹಗೆ ತೀರಿದ ಕಥೆಯನ್ನು ಹೆಂಡತಿ ಹೇಳಿಸಿದಳು, ಕಾಲ ಅದನ್ನು ರಾಷ್ಟ್ರದ ಕಥೆ ಮಾಡಿತು.

ಅದೇ ಪೊಲ್ಲಿಲೂರನ್ನು ನಮ್ಮ ಕಡೆಯವರೂ ಬರೆಸಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಗಾಯಗೊಂಡ ಬ್ರಿಟಿಷ್ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ, ಮೈಸೂರಿನ ಕುದುರೆಪಡೆ ಎರಡೂ ಕಡೆಯಿಂದ ಕವಿದಿದೆ. ಅದೂ ಗೆದ್ದವರು ಬರೆಸಿದ ಹೊಗಳಿಕೆಯೇ. ಆ ಮೇಲೆ ಬ್ರಿಟಿಷ್ ಆಳ್ವಿಕೆಯಲ್ಲಿ, ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ, ಅದಕ್ಕೆ ಹೊಸ ಬಣ್ಣ ಬಿತ್ತು. ಆದ್ದರಿಂದ ಗೋಡೆಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ.

ಈ ಚಿತ್ರಗಳನ್ನು ಬಿಸಾಡಬೇಕೆಂದು ಯಾರೂ ಹೇಳುತ್ತಿಲ್ಲ. ಲಂಡನ್ನಿನ ಟೇಟ್ ಬ್ರಿಟನ್ 2015ರಲ್ಲಿ ‘ಆರ್ಟಿಸ್ಟ್ ಅಂಡ್ ಎಂಪೈರ್’ ಎಂಬ ಪ್ರದರ್ಶನವನ್ನೇ ನಡೆಸಿ, ಸಾಮ್ರಾಜ್ಯದ ಚಿತ್ರಗಳನ್ನು ಹೊಸದಾಗಿ ಪ್ರಶ್ನಿಸಲು ಹೊರಟಿತು. ಬರೆಸಿದ ದೇಶವೇ ಅನುಮಾನದಿಂದ ನೋಡುತ್ತಿರುವಾಗ ನಾವು ಅವನ್ನು ಕಣ್ಣಿಗೊತ್ತಿಕೊಳ್ಳುವುದೇಕೆ? ಪಠ್ಯಪುಸ್ತಕ ಮಾಡುವವರು, ಪತ್ರಿಕೆಯವರು, ವಸ್ತುಸಂಗ್ರಹಾಲಯದವರು ಒಂದು ನಿಯಮ ಹಾಕಿಕೊಂಡರೆ ಸಾಕು: ಪ್ರತಿ ಚಿತ್ರದ ಕೆಳಗೆ ಚಿತ್ರಕಾರನ ಹೆಸರು, ಬರೆದ ವರ್ಷ, ಬರೆಸಿದವರು. ಇದಕ್ಕೆ ಖರ್ಚು ಮೂರು ಸಾಲಿನ ಜಾಗ. ‘1839, ಜನರಲ್ಲನ ಹೆಂಡತಿ ಬರೆಸಿದ್ದು’ ಎಂದು ಓದಿದ ಹುಡುಗಿ ಮುಂದಿನ ಪ್ರಶ್ನೆಯನ್ನು ತಾನಾಗಿಯೇ ಕೇಳುತ್ತಾಳೆ. ಟಿಪ್ಪು ಬಗ್ಗೆ ನಡೆಯುವ ಜಗಳ ಅದರಿಂದ ನಿಲ್ಲುವುದಿಲ್ಲ. ಆದರೆ ಎರಡೂ ಕಡೆಯವರು ಬೇರ್ಡ್‌ನ ಮನೆಯ ಪರವಾಗಿ ಸಾಕ್ಷಿ ಹೇಳುವುದಾದರೂ ತಪ್ಪೀತು.