ನಾರಂಗದ ಸಿಪ್ಪೆಯೂ ಅರ್ಬುದ ರೋಗವೂ

ಹಿಂದೆ ನಮ್ಮಲ್ಲಿ ಓದಿದ ಶಿಷ್ಯನೊಬ್ಬನು ಕಳೆದ ವಾರ ಮನೆಗೆ ಬಂದು, “ಮೇಷ್ಟ್ರೇ, ನಮ್ಮ ತಾಯಿಯವರಿಗೆ ಸ್ತನದಲ್ಲಿ ಅರ್ಬುದವೆಂದು ಡಾಕ್ಟರು ಟೆಮಾಕ್ಸಿಫೆನ್ ಮಾತ್ರೆ ಕೊಟ್ಟಿದ್ದಾರೆ. ಕಿತ್ತಳೆ ಸಿಪ್ಪೆಯ ಕಷಾಯದಿಂದಲೇ ಅದು ಕರಗುವುದಂತೆ, ಮಾತ್ರೆ ನಿಲ್ಲಿಸಲೇ?” ಎಂದು ಕೇಳಿದನು. ಇಂತಹ ಸಂದೇಹವು ಅನೇಕ ಗೃಹಗಳಲ್ಲಿ ಉಂಟಾಗಿರಬಹುದಾದುದರಿಂದ, ಅವನಿಗೆ ಹೇಳಿದುದನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಕಿತ್ತಳೆ, ನಿಂಬೆ, ಚಕ್ಕೋತ, ಮಾದಲ ಇವೆಲ್ಲವೂ ಒಂದೇ ಕುಲದ ಹಣ್ಣುಗಳು. ಇವುಗಳ ಸಿಪ್ಪೆಯಲ್ಲಿಯೂ ಅದರ ಒಳಗಿನ ಬಿಳಿಯ ಪದರದಲ್ಲಿಯೂ ಫ್ಲೇವನಾಯ್ಡ್ ಎಂಬ ವರ್ಗದ ದ್ರವ್ಯಗಳು ಹೇರಳವಾಗಿವೆ. ಆ ಪದರದಿಂದ ಹೆಸ್ಪೆರಿಡಿನ್ ಎಂಬುದನ್ನು 1828ರಲ್ಲಿ ಲೆಬ್ರೆಟನ್ ಎಂಬಾತನು ಬೇರ್ಪಡಿಸಿದನು. ಚಕ್ಕೋತಕ್ಕೆ ಕಹಿಯನ್ನು ಕೊಡುವ ನರಿಂಜಿನ್ ಎಂಬುದರ ಹೆಸರು ನಮ್ಮ ಸಂಸ್ಕೃತದ ‘ನಾರಂಗ’ ಶಬ್ದದ ಸಂತಾನವೇ ಆಗಿದೆ. 1936ರಲ್ಲಿ ಹಂಗೇರಿಯ ಪಂಡಿತ ಸೆಂಟ್ ಜೊರ್ಜಿಯವರೂ ಅವರ ಸಹಚರರೂ ಈ ದ್ರವ್ಯಗಳನ್ನು ‘ಪಿ’ ಜೀವಸತ್ತ್ವವೆಂದು ಕರೆದರು. ಇವು ಜೀವಸತ್ತ್ವಗಳಲ್ಲವೆಂದು ತಿಳಿದ ಮೇಲೆ ಆ ಹೆಸರನ್ನು ಕೈಬಿಡಲಾಯಿತು. ದೊಡ್ಡವರ ಊಹೆಗೂ ಪರೀಕ್ಷೆ ತಪ್ಪಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಅರ್ಬುದದ ಮಾತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಅರ್ಬುದದ ಜೀವಕೋಶಗಳಿಗೆ ಕಿತ್ತಳೆ ಸಿಪ್ಪೆಯ ನೊಬಿಲೆಟಿನ್, ಟ್ಯಾಂಜೆರೆಟಿನ್ ಎಂಬ ದ್ರವ್ಯಗಳನ್ನು ಸೇರಿಸಿದರೆ ಅವುಗಳ ವೃದ್ಧಿಯು ತಡೆಯಲ್ಪಡುತ್ತದೆ. ಇದು ಸತ್ಯವೇ ಸರಿ. ಆದರೆ ತಟ್ಟೆ ಬೇರೆ, ದೇಹ ಬೇರೆ. ನಾವು ತಿಂದ ಹೆಸ್ಪೆರಿಡಿನ್ ಇದ್ದಂತೆಯೇ ರಕ್ತವನ್ನು ಸೇರುವುದಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದರ ಸಕ್ಕರೆಯ ಅಂಶವನ್ನು ಕಳಚಬೇಕು. ಬಳಿಕ ಕರುಳೂ ಯಕೃತ್ತೂ ಅದನ್ನು ಮಾರ್ಪಡಿಸುತ್ತವೆ. ಕೊನೆಗೆ ರಕ್ತದಲ್ಲಿ ಉಳಿಯುವುದು ಅತ್ಯಲ್ಪ. ಈ ಹಣ್ಣುಗಳ ಯಾವ ಫ್ಲೇವನಾಯ್ಡೂ ಅರ್ಬುದದ ಔಷಧವೆಂದು ಇದುವರೆಗೆ ಅಂಗೀಕೃತವಾಗಿಲ್ಲ.

ನಮ್ಮ ಶಿಷ್ಯನು ಕೇಳಲೇಬೇಕಾದ ಸಂಗತಿ ಇನ್ನೊಂದಿತ್ತು. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸ್ತನಾರ್ಬುದವಿದ್ದ ಇಲಿಗಳಿಗೆ ಟೆಮಾಕ್ಸಿಫೆನ್ ಜೊತೆಗೆ ಟ್ಯಾಂಜೆರೆಟಿನ್ ಕೊಡಲಾಗಿ, ಔಷಧದ ಗುಣವೇ ಅಳಿಸಿಹೋಯಿತು. ಇಲಿಗೆ ಆದುದು ಮನುಷ್ಯನಿಗೂ ಆಗಿಯೇ ತೀರುವುದೆಂದು ನಾವು ಹೇಳೆವು. ಆದರೂ ಸಿಪ್ಪೆಯ ಕಷಾಯವು ಹೇಗೂ ನಿರಪಾಯವೆಂಬ ನಂಬಿಕೆಗೆ ಇದರಿಂದ ಭಂಗ ಬಂದಿತು. ಚಕ್ಕೋತದ ರಸವೂ ಕೆಲವು ಔಷಧಗಳನ್ನು ರಕ್ತದಲ್ಲಿ ಅಳತೆಮೀರಿ ಏರಿಸಬಲ್ಲದು.

ಆದಕಾರಣ ಆರೋಗ್ಯವಂತರು ಕಿತ್ತಳೆಯನ್ನು ಸಂತೋಷವಾಗಿ ತಿನ್ನಲಿ, ಮಕ್ಕಳಿಗೂ ಕೊಡಲಿ. ಅದು ಒಳ್ಳೆಯ ಆಹಾರ. ರೋಗಿಗಳಾದರೋ ಕಷಾಯ, ಪುಡಿ, ಸತ್ತ್ವಗಳನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಪಥ್ಯವು ಔಷಧಕ್ಕೆ ನೆರವಾಗಬಹುದಲ್ಲದೆ ಅದರ ಪೀಠವನ್ನು ಏರಲಾರದು. ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾತ್ರೆ ನಿಲ್ಲಿಸುವುದಿಲ್ಲ, ಮೇಷ್ಟ್ರೇ” ಎಂದು ಹೇಳಿ ಹೊರಟನು. ನಮ್ಮ ಮನಸ್ಸು ಹಗುರವಾಯಿತು.