ಕಲಿತದ್ದಕ್ಕೇ ಮತ್ತೆ ಶುಲ್ಕವೇ?

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಕಡಿಮೆ ಶುಲ್ಕಕ್ಕೆ ಎರಡು ವರ್ಷ ಓದಿ, ಪದವಿಗಾಗಿ ವಿಶ್ವವಿದ್ಯಾಲಯ ಸೇರುವ ದಾರಿ ದುಡಿಯುವ ಮನೆಗಳ ಮಕ್ಕಳಿಗೆ ದೊಡ್ಡ ಆಸರೆ. ಆದರೆ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2017ರ ವರದಿ ಪ್ರಕಾರ, ಕಾಲೇಜು ಬದಲಿಸಿದವರು ಅಂದಾಜು ಶೇ 43ರಷ್ಟು ಕ್ರೆಡಿಟ್ (ಪಾಸಾದ ಕೋರ್ಸುಗಳ ಲೆಕ್ಕ) ಕಳೆದುಕೊಂಡಿದ್ದರು. ಹಳೆಯ ಕ್ರೆಡಿಟ್ ಒಪ್ಪದೆ, ಉದಾಹರಣೆಗೆ ಪಾಸಾದ ಸಂಖ್ಯಾಶಾಸ್ತ್ರವನ್ನೇ ಮತ್ತೆ ಓದಿಸಿ ಮತ್ತೆ ಶುಲ್ಕ ಕಟ್ಟಿಸಿಕೊಳ್ಳುವುದು ಅನ್ಯಾಯ. ಬೋಧನೆಯ ಮಟ್ಟ ಎಲ್ಲೆಡೆ ಒಂದೇ ಇರುವುದಿಲ್ಲ ಎಂಬ ವಾದ ತಳ್ಳಿಹಾಕುವಂಥದ್ದಲ್ಲ. ಹಾಗಿದ್ದರೆ ಪಠ್ಯಕ್ರಮವನ್ನು ಮೊದಲೇ ಕೂತು ಹೊಂದಿಸಬೇಕು. ಕ್ಯಾಲಿಫೋರ್ನಿಯಾ 2010ರ ಕಾಯ್ದೆಯಲ್ಲಿ ಅದನ್ನೇ ಮಾಡಿತು: ನಿಗದಿತ 60 ಯೂನಿಟ್ (ಕ್ರೆಡಿಟ್) ಮುಗಿಸಿ ಅರ್ಹತೆ ಪಡೆದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೂರನೇ ವರ್ಷಕ್ಕೆ ಸೀಟು ಖಾತರಿ, ಕೇಳಿದ ಕ್ಯಾಂಪಸ್ಸೇ ಸಿಗದಿರಬಹುದು ಅಷ್ಟೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಪೋಷಕರು, ಯಾವ ಕೋರ್ಸಿಗೆ ಎಲ್ಲಿ ಮಾನ್ಯತೆ ಇದೆಯೆಂದು ಮಕ್ಕಳನ್ನು ಸೇರಿಸುವ ಮುನ್ನವೇ ಬರಹದಲ್ಲಿ ಕೇಳಿ ಪಡೆಯಲಿ.