ಎಚ್ಚರಿಕೆಯ ವಾಕ್ಯ ಹೇಗಿರತಕ್ಕುದು?

ಅಪಾಯವೇನೆಂದು ಹೇಳದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಲೋಕವೆಲ್ಲ ಒಪ್ಪಿದ ಈ ಮಾತನ್ನು ಗಣಕಯಂತ್ರದ ಪಂಡಿತರು ಮಾತ್ರ ಮರೆತಿರುವರೆಂಬುದೇ ನಮ್ಮ ದೂರು.

ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನಕ್ಕೆ ಕಂಪೈಲರೆಂದು ಹೆಸರು. ಬರೆಹವು ವ್ಯಾಕರಣಕ್ಕೆ ಒಪ್ಪಿದ್ದರೂ ಅರ್ಥದಲ್ಲಿ ಸಂದೇಹ ತೋರಿದರೆ, ಅದು ಎಚ್ಚರಿಕೆಯ ಒಂದು ವಾಕ್ಯವನ್ನು ನುಡಿದು ತನ್ನ ಕೆಲಸವನ್ನು ಮುಂದುವರಿಸುತ್ತದೆ. ಬರೆದವನು ತಿದ್ದಿಕೊಳ್ಳುವುದಕ್ಕೆ ಆ ವಾಕ್ಯವೇ ಆಧಾರ.

ಒಂದು ನಿದರ್ಶನವನ್ನು ನೋಡೋಣ. ಸಿ ಎಂಬ ಭಾಷೆಯಲ್ಲಿ ಎರಡು ಸಮಚಿಹ್ನೆಗಳನ್ನು ಜೊತೆಯಾಗಿ ಬರೆದರೆ ‘ಬಾಕಿಯು ಸೊನ್ನೆಯೆ?’ ಎಂಬ ಪ್ರಶ್ನೆ. ಒಂದನ್ನೇ ಬರೆದರೆ ‘ಬಾಕಿಯನ್ನು ಸೊನ್ನೆ ಮಾಡು’ ಎಂಬ ಆಜ್ಞೆ. ಬೆರಳು ಒಮ್ಮೆ ತಪ್ಪಿದರೆ, ಸಾಲವನ್ನು ವಿಚಾರಿಸಲು ಹೋದ ಗುಮಾಸ್ತನು ಸಾಲವನ್ನೇ ಅಳಿಸಿ ಬಂದಂತಾಗುವುದು. 1987ರಲ್ಲಿ ಹೊರಬಂದು ಇಂದಿಗೂ ಬಹುವಾಗಿ ಬಳಕೆಯಲ್ಲಿರುವ ಜಿಸಿಸಿ ಎಂಬ ಕಂಪೈಲರು ಈ ತಪ್ಪನ್ನು ಗುರುತಿಸಬಲ್ಲುದು. ಗುರುತಿಸಿ ಹೇಳುವುದೇನು? ಅದರ ಇಂಗ್ಲಿಷ್ ವಾಕ್ಯವನ್ನು ಕನ್ನಡಿಸಿದರೆ, ‘ಸತ್ಯಮೌಲ್ಯವಾಗಿ ಬಳಸಿದ ನಿಯೋಜನೆಯ ಸುತ್ತ ಕಂಸಗಳನ್ನು ಸೂಚಿಸಿದೆ’ ಎಂದಾಗುವುದು! ಪ್ರಶ್ನೆಯು ಆಜ್ಞೆಯಾಗಿ ಹೋಯಿತೆಂಬ ಸುದ್ದಿಯೇ ಅಲ್ಲಿಲ್ಲ. ಅನನುಭವಿಯು ಹೇಳಿದಂತೆಯೇ ಕಂಸಗಳನ್ನು ಹಾಕುವನು, ಕಂಪೈಲರು ಸುಮ್ಮನಾಗುವುದು, ತಪ್ಪು ಉಳಿಯುವುದು. ಬೊಗಳುವ ನಾಯಿಗೆ ರೊಟ್ಟಿ ಹಾಕಿ ಕಳ್ಳನನ್ನು ಮರೆತಂತಾಯಿತು.

ಕಂಸಗಳಿದ್ದರೆ ಕಾವಲು ಸುಮ್ಮನಿರುವುದೆಂಬುದು ಊಹೆಯಲ್ಲ. 2003ರ ನವೆಂಬರಿನಲ್ಲಿ ಯಾರೋ ಲಿನಕ್ಸಿನ ಮೂಲಬರೆಹದ ಒಂದು ಪ್ರತಿಯೊಳಗೆ ಕಳ್ಳಪಂಕ್ತಿಯೊಂದನ್ನು ಸೇರಿಸಿದರು. ನೋಟಕ್ಕೆ ಅದು ಬಳಸುವವನ ಗುರುತಿನ ಅಂಕಿಯನ್ನು ಪರೀಕ್ಷಿಸುವಂತಿತ್ತು. ನಿಜದಲ್ಲಿ ಅಂಕಿಯನ್ನು ಸೊನ್ನೆ ಮಾಡುತ್ತಿತ್ತು. ಅಲ್ಲಿ ಸೊನ್ನೆಯೆಂದರೆ ಸರ್ವಾಧಿಕಾರಿಯ ಗುರುತು. ಆ ಒಂಟಿ ಸಮಚಿಹ್ನೆಗೆ ಕಂಸಗಳ ಹೊದಿಕೆಯಿದ್ದುದರಿಂದ ಕಂಪೈಲರು ಎಚ್ಚರಿಸುವಂತಿರಲಿಲ್ಲ. ಪ್ರತಿಯು ಮೂಲದೊಡನೆ ತಾಳೆಯಾಗದೆ ಹೋದುದರಿಂದ ವಂಚನೆ ಬಯಲಾಯಿತು. ಅದು ಬೇಕೆಂದೇ ಮಾಡಿದ ಕಾರ್ಯ, ನಿಜ. ಆದರೆ ವಂಚಕನಿಗೆ ಒದಗಿದ ಉಪಾಯವನ್ನೇ ಕಾವಲುಗಾರನು ಅಮಾಯಕನಿಗೆ ಬೋಧಿಸುವುದು ಯಾವ ನ್ಯಾಯ?

‘ಇದು ತಜ್ಞರ ಭಾಷೆ, ತಜ್ಞರಿಗೆ ಸೂಚನೆ ಸಾಕು’ ಎಂದು ಕೆಲವರು ವಾದಿಸುವರು. ಬಲ್ಲವನು ಎಚ್ಚರದಿಂದಿದ್ದಾಗ ಈ ವಾಕ್ಯವೇ ಬೇಡ. ಅರಿಯದವನಿಗೂ, ನಡುರಾತ್ರಿ ದಣಿದು ಕುಳಿತ ಬಲ್ಲವನಿಗೂ ಅದು ಬೇಕು. ಅಂಥವರಿಗೆ ಒಗಟು ಹೇಳತಕ್ಕುದೆ? ‘ವಾಕ್ಯ ಬೆಳೆದರೆ ಓದುವವರಾರು?’ ಎಂಬುದು ಇನ್ನೊಂದು ಆಕ್ಷೇಪ. ಕ್ಲ್ಯಾಂಗ್ ಎಂಬ ಬೇರೊಂದು ಕಂಪೈಲರು ಇದಕ್ಕೆ ಉತ್ತರವನ್ನು ಕೊಟ್ಟಿದೆ. ಬೆಲೆಯನ್ನಿರಿಸುವ ಕ್ರಿಯೆಯ ಫಲವನ್ನೇ ಷರತ್ತಾಗಿ ಬಳಸಿದೆಯೆಂದು ಅದು ಮೊದಲು ತಿಳಿಸುತ್ತದೆ. ಬಳಿಕ, ಎಚ್ಚರಿಕೆಯನ್ನು ಅಡಗಿಸಬೇಕಾದರೆ ಕಂಸಗಳನ್ನು ಹಾಕು, ಹೋಲಿಕೆ ಬೇಕಾಗಿದ್ದರೆ ಎರಡು ಸಮಚಿಹ್ನೆಗಳನ್ನು ಬರೆ ಎಂದು ಎರಡು ದಾರಿಗಳನ್ನೂ ತೋರಿಸುತ್ತದೆ. ಇಷ್ಟನ್ನು ಓದಲಾರದಷ್ಟು ಅವಸರ ಯಾರಿಗಿದೆ?

ಎಚ್ಚರಿಕೆಯನ್ನು ಬರೆಯುವವರು ಬರೆದಿರುವುದು ಏನೆಂದೂ ಅದರಿಂದ ಆಗುವುದೇನೆಂದೂ ಮೊದಲು ಹೇಳಲಿ. ತಿದ್ದುವ ಬಗೆಯನ್ನು ಅನಂತರ ತೋರಿಸಲಿ. ಬಾಯಿ ಮುಚ್ಚಿಸುವ ಉಪಾಯ ಕಡೆಗೆ ಬರಲಿ. ಬ್ಯಾಂಕಿನ ಲೆಕ್ಕವೂ ರೈಲಿನ ಟಿಕೇಟೂ ಇಂದು ಪ್ರೋಗ್ರಾಮುಗಳ ವಶದಲ್ಲಿವೆ. ಆದುದರಿಂದ ಇದನ್ನು ಯಂತ್ರಜ್ಞರ ಮನೆವಾರ್ತೆಯೆಂದು ಸಾಹಿತ್ಯಪ್ರಿಯರು ಕೈಬಿಡತಕ್ಕುದಲ್ಲ. ತಿಳಿಯುವಂತೆ ಒಂದು ವಾಕ್ಯವನ್ನು ಬರೆಯುವುದು ಭಾಷೆಯನ್ನು ಬಲ್ಲವರೆಲ್ಲರ ಹೊಣೆ.